ಹೆಪ್ಪುಗಟ್ಟಿದ ನೆಲದಲ್ಲಿ ನಾಯಿ ಬಿಟ್ಟು ಹಂದಿ ಹಿಡಿದದ್ದು: ನನ್ನ ಅನುಭವ

ಉತ್ತರ ಟೆಕ್ಸಸ್‌ನ ರೆಡ್ ನದಿಯ ಪಕ್ಕದಲ್ಲಿ, ದನದ ತೊಟ್ಟಿಯ ನೀರು ಕಲ್ಲಾಗುವ ಚಳಿಯಲ್ಲೂ ನಾಯಿಗಳಿಂದ ಕಾಡುಹಂದಿ ಹಿಡಿಯಬಹುದು ಎಂದಾಗ ಇಲ್ಲಿನ ಹಳಬರು ನಕ್ಕಿದ್ದರು. ಹೆಪ್ಪುಗಟ್ಟಿದ ನೆಲದಲ್ಲಿ ವಾಸನೆ ನಿಲ್ಲುವುದಿಲ್ಲ, ನಾಯಿಯ ಕಾಲು ಹಾಳಾಗುತ್ತದೆ, ಸುಮ್ಮನೆ ಮನೆಯಲ್ಲಿರು ಎಂಬುದು ಅವರ ಉಪದೇಶ. ಈಗ ಜನವರಿ ಬಂದರೆ ಅವರೇ ಫೋನ್ ಮಾಡಿ ಎಷ್ಟು ಹೊತ್ತಿಗೆ ಹೊರಡುತ್ತೀಯ ಎಂದು ಕೇಳುತ್ತಾರೆ.

ಅವರು ಕೇಳಬೇಕಾದ ಪ್ರಶ್ನೆಯೂ ಅದೇ, ಏಕೆಂದರೆ ಗುಟ್ಟಿರುವುದು ಹೊತ್ತಿನಲ್ಲಿ. ಬೇಸಿಗೆಯ ಅಭ್ಯಾಸ ಬಿಡಲಾಗದೆ ಎಲ್ಲರೂ ರಾತ್ರಿ ಅಥವಾ ನಸುಕಿನಲ್ಲಿ ನಾಯಿ ಬಿಡುತ್ತಾರೆ. ಬೆವರಿ ಮೈ ತಂಪು ಮಾಡಿಕೊಳ್ಳಲಾಗದ ಹಂದಿ ಬೇಸಿಗೆಯಲ್ಲಿ ಹಗಲು ಕೆಸರಿನಲ್ಲಿ ಬಿದ್ದಿದ್ದು ರಾತ್ರಿ ತಿರುಗುತ್ತದೆ, ನಿಜ. ಚಳಿ ಬಿದ್ದಾಗ ಲೆಕ್ಕ ತಲೆಕೆಳಗು. ಹಗಲಿನಲ್ಲೇ ಮೇಯುತ್ತದೆ, ಹೊಟ್ಟೆ ತುಂಬಿದ ಮೇಲೆ ಗಾಳಿ ತಾಗದ, ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರಿನ ಸೀಡರ್ ಹಳುವಿನಲ್ಲಿ ಒಂದರ ಮೇಲೊಂದು ಬಿದ್ದು ಮಲಗುತ್ತದೆ. ನಾನು ಹತ್ತು, ಹತ್ತೂವರೆಗೆ ಮೊದಲು ನಾಯಿಗಳನ್ನು ಪಿಕಪ್‌ನಿಂದ ಇಳಿಸುವುದೇ ಇಲ್ಲ. ಬಿಸಿಲು ತಾಗಿ ಹುಲ್ಲಿನ ಮೇಲಿನ ಹಿಮ ಕರಗುವ ಒಂದೆರಡು ಗಂಟೆ ಜಾಡು ಎದ್ದು ಬರುತ್ತದೆ. ಅದಕ್ಕೆ ಮುಂಚೆ ಒಳ್ಳೆಯ ಮೂಗಿನ ನಾಯಿಯೂ ಸುಮ್ಮನೆ ಸುತ್ತುತ್ತದೆ. ಮಧ್ಯಾಹ್ನ ಒಣಗಾಳಿ ಎದ್ದರೆ ಮತ್ತೆ ಅದೇ ಕಥೆ.

ನಾಯಿಗಳ ವಿಷಯದಲ್ಲಿ ಹಣ ಬಹಳ ಹೋಯಿತು. ಮೊದಲು ಎಂಟುನೂರು ಡಾಲರ್ ಹತ್ತಿರ ಕೊಟ್ಟು ದೂರ ಓಡುವ ಒಂದು ಪ್ಲಾಟ್ ಹೌಂಡ್ ತಳಿಯ ಬೇಟೆನಾಯಿ ತಂದೆ. ಮೂಗು ಅದ್ಭುತ, ಆದರೆ ಚಳಿಯಲ್ಲಿ ದೂರ ಓಡುವ ನಾಯಿ ಅಂದರೆ ಹಳ್ಳ ಈಜುವ ನಾಯಿ. ಎರಡು ಮೈಲಿ ಆಚೆ ಒದ್ದೆಯಾಗಿ ನಡುಗುತ್ತ ನಿಂತಿದ್ದ ಅದನ್ನು ಹೊತ್ತು ತಂದು ಹೀಟರ್ ಮುಂದೆ ಕೂರಿಸಬೇಕಾಯಿತು. ಅರ್ಧ ಬೆಲೆಗೆ ಮಾರಿದೆ. ಈಗ ಇರುವುದು ಬ್ಲ್ಯಾಕ್ ಮೌತ್ ಕರ್ ಎಂಬ ತಳಿಯ ಎರಡು ನಾಯಿ, ಒಂದು ಅಮೆರಿಕನ್ ಬುಲ್‌ಡಾಗ್. ಕರ್‌ಗಳು ಮುನ್ನೂರು ನಾನೂರು ಗಜದೊಳಗೆ ಹುಡುಕಿ, ಸಿಗದಿದ್ದರೆ ಹಿಂದಕ್ಕೆ ಬರುತ್ತವೆ. ಸಿಕ್ಕರೆ ಬೊಗಳಿ ತಡೆದು ನಿಲ್ಲಿಸುತ್ತವೆ. ಬುಲ್‌ಡಾಗ್ ಅಲ್ಲಿಯವರೆಗೆ ನನ್ನ ಹಗ್ಗದಲ್ಲೇ ಇರುತ್ತದೆ. ಬಿಟ್ಟ ಕೂಡಲೇ ಕಿವಿ ಹಿಡಿಯುತ್ತದೆ, ನಾನು ಹಿಂಗಾಲು ಹಿಡಿದು ಕೆಡವುತ್ತೇನೆ. ಇನ್ನೂರೈವತ್ತು ಪೌಂಡ್‌ನ ಒಂಟಿಗನನ್ನೂ ಹೀಗೆ ಕೆಡವಿದ್ದೇನೆ, ನೋಡಿದವರಿದ್ದಾರೆ.

ನಾಯಿಗೆ ತೊಡಿಸುವ ಎದೆಗವಚದ್ದು ಇನ್ನೊಂದು ತಲೆನೋವು. ಕೋರೆಯಿಂದ ಕಾಪಾಡುವ ಇನ್ನೂರು ಡಾಲರಿನ ಬಟ್ಟೆ ಒಮ್ಮೆ ಹಳ್ಳದ ನೀರು ಕುಡಿದರೆ ಅರ್ಧ ಗಂಟೆಯಲ್ಲಿ ಹಲಗೆಯಂತೆ ಗಟ್ಟಿಯಾಗಿ ಕಂಕುಳ ಕೊರೆಯುತ್ತದೆ. ಹಾಗೆಂದು ಬಿಚ್ಚಿ ಬಿಟ್ಟರೆ ಹೊಲಿಗೆಗೆ ಪಶುವೈದ್ಯರಿಗೆ ಆರುನೂರು, ಏಳುನೂರು. ಈಗ ಎರಡು ಜೊತೆ ಇಟ್ಟುಕೊಂಡು, ಒದ್ದೆಯಾದದ್ದನ್ನು ಅಲ್ಲೇ ಬದಲಿಸುತ್ತೇನೆ. ಜಿಪಿಎಸ್ ಕಾಲರ್‌ನ ಬ್ಯಾಟರಿ ಚಳಿಗೆ ಅರ್ಧಕ್ಕರ್ಧ ಬೇಗ ಇಳಿಯುತ್ತದೆ. ಹೆಚ್ಚುವರಿ ಬ್ಯಾಟರಿ ಅಂಗಿಯ ಒಳಜೇಬಿನಲ್ಲಿರಲಿ.

ನಾಯಿಗೆ ಬೂಟು ತೊಡಿಸಿಯೂ ನೋಡಿದೆ. ಹತ್ತು ನಿಮಿಷದಲ್ಲಿ ನಾಲ್ಕರಲ್ಲಿ ಮೂರು ಕೆಸರು ಸೇರಿದವು. ಅಂಗಾಲಿಗೆ ಹಚ್ಚಲು ನಾನೇ ಕಾಯಿಸಿಕೊಳ್ಳುವ ಒಂದು ಮುಲಾಮು ಇದೆ, ಅದರಲ್ಲಿ ಏನು ಹಾಕುತ್ತೇನೆ ಎಂಬುದು ಮಾತ್ರ ನನ್ನಲ್ಲೇ ಇರಲಿ. ಹುಳಿ ಬರಿಸಿದ ಜೋಳದ ಆಸೆ ತೋರಿಸಿ ಹಂದಿಗಳನ್ನು ಒಂದೇ ಜಾಗಕ್ಕೆ ಕರೆಸಲು ಹೋದೆ. ಡ್ರಮ್ಮೇ ಹೆಪ್ಪುಗಟ್ಟಿ, ಸಬ್ಬಲಿನಿಂದ ಒಡೆಯುವ ಸದ್ದಿಗೆ ಆ ಹಳುವಿನ ಹಿಂಡು ಊರು ಬಿಟ್ಟಿತು.

2021ರ ಫೆಬ್ರವರಿಯಲ್ಲಿ ಡಲ್ಲಾಸ್‌ನಲ್ಲೇ ಮೈನಸ್ 19 ಡಿಗ್ರಿ ಸೆಲ್ಸಿಯಸ್ ಆಗಿತ್ತು. ಅಂಥ ದಿನ ನಾಯಿ ಬಿಡುವುದು ಬೇಟೆಯಲ್ಲ, ಕ್ರೌರ್ಯ. ನನ್ನ ಮಿತಿ ಮೈನಸ್ ಏಳೆಂಟು, ಅದೂ ಗಾಳಿ ಇಲ್ಲದಿದ್ದರೆ. ಹಳ್ಳದ ಮೇಲೆ ತೆಳು ಮಂಜುಗಡ್ಡೆ ಇದ್ದರೆ ಆ ದಂಡೆಗೇ ಹೋಗುವುದಿಲ್ಲ, ನಾಯಿ ಅದರ ಕೆಳಗೆ ಸಿಕ್ಕಿಕೊಂಡರೆ ಯಾರೂ ಎತ್ತಲಾರರು.

ಚಳಿಗಾಲವಾದರೂ ರೋಗದ ಭಯ ಕಡಿಮೆಯಲ್ಲ. ಹಂದಿಯಿಂದ ಬರುವ ಸೂಡೋರೇಬೀಸ್ ಎಂಬ ವೈರಸ್ ರೋಗ ತಗುಲಿದ ನಾಯಿ ಉಳಿಯುವುದಿಲ್ಲ, ಹಾಗಾಗಿ ಹಸಿ ಹಂದಿಮಾಂಸ ನಾಯಿಗೆ ಹಾಕಲೇಬೇಡಿ. ಹಂದಿಯ ರಕ್ತ, ಮಾಂಸ ಮುಟ್ಟಿದರೆ ಬ್ರೂಸೆಲ್ಲಾ ಎಂಬ ಬ್ಯಾಕ್ಟೀರಿಯಾ ಸೋಂಕು ನಮಗೂ ಬರುತ್ತದೆ. ಬೆರಳು ಮರಗಟ್ಟಿದೆ ಎಂದು ಕೈಗವಸು ಕಳಚಿ ಹೊಟ್ಟೆ ಸೀಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಚಳಿಯಿಂದ ಒಂದು ಲಾಭವುಂಟು: ಐಸ್ ಕೊಳ್ಳದೆಯೇ ಮಾಂಸ ಮನೆ ಸೇರುತ್ತದೆ. ಕೊಡಗಿನ ಸ್ನೇಹಿತನೊಬ್ಬ ಹಂದಿ ಸಾರಿಗೆ ಹಾಕುವ ಕಾಚಂಪುಳಿಯ ಬಾಟಲಿ ಹಿಡಿದು ಕಾದಿರುತ್ತಾನೆ.

ಊರಿನವರು ಇದನ್ನು ಓದಿ ಮಲೆನಾಡಿನಲ್ಲಿ ಪ್ರಯತ್ನಿಸಬೇಡಿ, ಅಲ್ಲಿ 1972ರ ವನ್ಯಜೀವಿ ಕಾಯ್ದೆ ಇದೆ. ಇಲ್ಲಿ ಹಂದಿ ಹೊರಗಿನಿಂದ ಬಂದು ಬೆಳೆ ತಿನ್ನುವ ಪ್ರಾಣಿ; ಜಮೀನಿನ ಮಾಲೀಕ ಒಪ್ಪಿದರೆ ಖಾಸಗಿ ಜಾಗದಲ್ಲಿ 2019ರಿಂದ ಪರವಾನಗಿಯೂ ಬೇಡ.

ಲಾಭ ಕೇಳಬೇಡಿ. ಹಂದಿ ಕೊಳ್ಳಲು ಅನುಮತಿ ಪಡೆದ ಕೇಂದ್ರಕ್ಕೆ ಜೀವಂತ ಕೊಟ್ಟರೆ ಪೌಂಡಿಗೆ ಇಪ್ಪತ್ತೈದು ಮೂವತ್ತು ಸೆಂಟ್ ಸಿಗುತ್ತಿತ್ತು, ದೊಡ್ಡ ಗಂಡಿಗೆ ಸ್ವಲ್ಪ ಹೆಚ್ಚು. ಕಳೆದ ಚಳಿಯಲ್ಲಿ ಡೀಸೆಲ್ ಮತ್ತು ನಾಯಿಯ ಆಹಾರದ ಖರ್ಚು ಗಿಟ್ಟಿತು, ಹೊಲಿಗೆಯ ಬಿಲ್ ಗಿಟ್ಟಲಿಲ್ಲ. ಆದರೆ ಗೋಧಿ ಹೊಲ ಅಗೆಸಿಕೊಂಡು ಬೇಸತ್ತಿದ್ದ ಮಾಲೀಕ ಪಕ್ಕದ ಇನ್ನೆರಡು ಜಮೀನುಗಳ ಗೇಟಿನ ಕೀಲಿಯನ್ನೂ ಕೊಡಿಸಿದ್ದಾನೆ. ಅವೆರಡರಲ್ಲೂ ದಕ್ಷಿಣದ ಇಳಿಜಾರು ಇದೆಯೇ ಎಂದು ನಕ್ಷೆಯಲ್ಲಿ ನೋಡಿಯಾಗಿದೆ, ಒಂದರಲ್ಲಿ ಇದೆ.