ಟರ್ಕಿ ಮೊಟ್ಟೆ ಮೊದಲು, ನಾಟಿ ಕೋಳಿ ಮೊಟ್ಟೆ ವಾರ ಬಿಟ್ಟು

ಟರ್ಕಿ ಮರಿ ಹೊರಗೆ ಬರಲು 28 ದಿನ, ಕೋಳಿ ಮರಿಗೆ 21 ದಿನ. ಕರೆಂಟಿನಲ್ಲಿ ಕಾವು ಕೊಡುವ ಒಂದೇ ಪೆಟ್ಟಿಗೆಯಲ್ಲಿ (ಇನ್‌ಕ್ಯುಬೇಟರ್) ಎರಡನ್ನೂ ಮರಿ ಮಾಡಿಸಬೇಕು ಅನ್ನುವವರು ಮೊದಲು ಗೋಡೆ ಕ್ಯಾಲೆಂಡರ್ ಮುಂದೆ ನಿಲ್ಲಿ. ಟರ್ಕಿ ಮೊಟ್ಟೆಯನ್ನು ಈ ಸೋಮವಾರ ಕಾವಿಗೆ ಇಟ್ಟರೆ, ಕೋಳಿ ಮೊಟ್ಟೆಯನ್ನು ಮುಂದಿನ ಸೋಮವಾರ ಇಡಿ. ಎರಡೂ ಒಂದೇ ಹೊತ್ತಿಗೆ ಒಡೆಯುತ್ತವೆ.

ಇಷ್ಟೆಲ್ಲಾ ಲೆಕ್ಕ ಯಾಕೆ ಅಂದರೆ, ಟರ್ಕಿ ಮರಿಗೆ ಹುಟ್ಟುತ್ತಲೇ ತಿನ್ನಲು ಬರುವುದಿಲ್ಲ. ಕಾಳು ಕಾಲ ಕೆಳಗೇ ಇದ್ದರೂ ನೋಡದೆ ನಿಂತು, ನಾಲ್ಕೈದು ದಿನದಲ್ಲಿ ಹಸಿವಿನಿಂದಲೇ ಸಾಯುವುದುಂಟು. ಪಕ್ಕದಲ್ಲಿ ನಾಲ್ಕು ಕೋಳಿ ಮರಿ ಕುಕ್ಕುತ್ತಿದ್ದರೆ ಅದೂ ನೋಡಿ ಕಲಿಯುತ್ತದೆ. ಹಾಗಾಗಿ ನಾನು ಟರ್ಕಿ ಮೊಟ್ಟೆ ಇಟ್ಟಾಗಲೆಲ್ಲ ವಾರ ಬಿಟ್ಟು ಆರೇಳು ನಾಟಿ ಮೊಟ್ಟೆ ಸೇರಿಸುತ್ತೇನೆ.

ಮೊಟ್ಟೆ ಆರಿಸುವುದರಲ್ಲಿ ಅವಸರ ಬೇಡ. ಹುಂಜದ ಜೊತೆ ಇರುವ ಕೋಳಿಯದ್ದೇ ಆಗಬೇಕು, ಅಂಗಡಿಯ ಫಾರಂ ಮೊಟ್ಟೆಯಿಂದ ಮರಿ ಬರುವುದಿಲ್ಲ. ವಾರದೊಳಗಿನ ಮೊಟ್ಟೆ ಇರಲಿ. ದಪ್ಪ ತುದಿ ಮೇಲೆ ಮಾಡಿ ತಣ್ಣಗಿನ ಮೂಲೆಯಲ್ಲಿ ಕೂಡಿಡಿ, ಫ್ರಿಜ್ಜಿಗೆ ಹಾಕಬೇಡಿ. ಕೊಳೆ ಇದೆ ಅಂತ ತೊಳೆಯಲೂ ಬೇಡಿ. ಚಿಪ್ಪಿನ ಮೇಲೆ ಕಣ್ಣಿಗೆ ಕಾಣದ ಒಂದು ಪೊರೆ ಇರುತ್ತದೆ. ಅದು ಹೋದರೆ ಸೋಂಕು ಸೀದಾ ಒಳಗೆ ಇಳಿಯುತ್ತದೆ. ಸ್ವಲ್ಪ ಮಣ್ಣು ಅಂಟಿದ್ದರೆ ಒಣ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ, ಜಾಸ್ತಿ ಕೊಳೆ ಇದ್ದರೆ ಅಡುಗೆ ಮನೆಗೆ ಕೊಡಿ.

ಈಗ ಶಾಖದ ವಿಷಯ. ಫ್ಯಾನ್ ಇರುವ ಪೆಟ್ಟಿಗೆಗೆ 37.5 ಡಿಗ್ರಿ ಸೆಲ್ಸಿಯಸ್. ಫ್ಯಾನ್ ಇಲ್ಲದ ಥರ್ಮಾಕೋಲ್ ಪೆಟ್ಟಿಗೆಯಾದರೆ ಮೊಟ್ಟೆಯ ಮೇಲ್ಭಾಗದ ಮಟ್ಟದಲ್ಲಿ 38.5ರ ಹತ್ತಿರ ಇರಬೇಕು. ಆದರೆ ಪೆಟ್ಟಿಗೆ ತೋರಿಸುವ ಅಂಕಿಯನ್ನು ಕಣ್ಣು ಮುಚ್ಚಿ ನಂಬಬೇಡಿ. ನಮ್ಮ ಮನೆಗೆ ಮೊದಲ ಪೆಟ್ಟಿಗೆ ಬಂದಾಗ ನಾನು ನಂಬಿದೆ. 21ನೇ ದಿನ ರಾತ್ರಿಯೆಲ್ಲ ಎದ್ದು ಕೂತೆ, ಒಂದು ಕೀಚು ಸದ್ದಿಲ್ಲ. 23ನೇ ದಿನ ಮೂರು ಮರಿ ಬಂದವು, ಕಾಲಲ್ಲಿ ಬಲವೇ ಇಲ್ಲ. ಉಳಿದ ಒಂಬತ್ತು ಮೊಟ್ಟೆ ಒಡೆದು ನೋಡಿದರೆ, ಪೂರ್ತಿ ಬೆಳೆದ ಮರಿಗಳು ಒಳಗೇ ಸತ್ತಿದ್ದವು. ಆ ದಿನ ಊಟ ಸೇರಲಿಲ್ಲ. ಆಮೇಲೆ ಜ್ವರ ನೋಡುವ ಥರ್ಮಾಮೀಟರ್ ಒಳಗಿಟ್ಟು ನೋಡಿದಾಗ ಗೊತ್ತಾಯಿತು, ಪೆಟ್ಟಿಗೆ 37.5 ಅಂತಿದ್ದಾಗ ಒಳಗೆ ಇದ್ದದ್ದು 36 ಮಾತ್ರ. ಅಂದಿನಿಂದ ಮೊಟ್ಟೆ ಇಡುವ ಮೊದಲು ಒಂದು ಇಡೀ ದಿನ ಪೆಟ್ಟಿಗೆಯನ್ನು ಖಾಲಿ ಓಡಿಸಿ, ಜ್ವರದ ಥರ್ಮಾಮೀಟರಿನಲ್ಲಿ ತಾಳೆ ನೋಡುತ್ತೇನೆ.

ಪೆಟ್ಟಿಗೆಯೊಳಗಿನ ಗಾಳಿಯ ತೇವ ತೋರಿಸುವ ಮೀಟರನ್ನೂ ಮನೆಯಲ್ಲೇ ಪರೀಕ್ಷೆ ಮಾಡಬಹುದು. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ತುಂಬಿ, ಉಪ್ಪು ಕರಗದಂತೆ ನಾಲ್ಕು ಹನಿ ನೀರು ಹಾಕಿ. ಅದನ್ನು ಮೀಟರ್ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಡಿ. ಎಂಟು ಗಂಟೆ ಬಿಟ್ಟು ನೋಡಿದರೆ ಶೇಕಡಾ 75 ತೋರಿಸಬೇಕು. 70 ತೋರಿಸಿದರೆ ನಿಮ್ಮ ಮೀಟರ್ ಐದು ಕಡಿಮೆ ಹೇಳುತ್ತದೆ ಅಂತ ತಿಳಿದುಕೊಳ್ಳಿ.

ಮೊದಲ ದಿನಗಳಲ್ಲಿ ತೇವ ಶೇಕಡಾ 50ರ ಆಸುಪಾಸು ಸಾಕು. ತೇವಕ್ಕಾಗಿ ಪೆಟ್ಟಿಗೆಯೊಳಗೆ ಇಡುವ ನೀರಿನ ತಟ್ಟೆ ಎಷ್ಟು ಆಳ ಅನ್ನುವುದು ಮುಖ್ಯವಲ್ಲ, ಎಷ್ಟು ಅಗಲ ಅನ್ನುವುದು ಮುಖ್ಯ. ತೇವ ಏರಿಸಬೇಕಾದರೆ ನೀರು ಜಾಸ್ತಿ ಸುರಿಯುವ ಬದಲು ಅಗಲದ ತಟ್ಟೆ ಇಡಿ. ಮಲೆನಾಡಿನ ಮಳೆಗಾಲದಲ್ಲಿ ಹೊರಗಿನ ಗಾಳಿಯಲ್ಲೇ ನೀರಿರುವುದರಿಂದ ಸಣ್ಣ ಬಟ್ಟಲೂ ಜಾಸ್ತಿಯೇ. ಬಯಲುಸೀಮೆಯ ಬೇಸಿಗೆಯಲ್ಲಿ ದಿನಕ್ಕೆ ಎರಡು ಸಲ ತುಂಬಬೇಕಾದೀತು. ನನಗೆ ಮೀಟರಿಗಿಂತ ತಕ್ಕಡಿಯ ಮೇಲೆ ನಂಬಿಕೆ ಜಾಸ್ತಿ. 40 ಗ್ರಾಂ ತೂಗುವ ನಾಟಿ ಮೊಟ್ಟೆ 18ನೇ ದಿನಕ್ಕೆ 35 ಗ್ರಾಮಿಗೆ ಇಳಿದಿದ್ದರೆ ಒಳಗೆ ಗಾಳಿ ಜಾಗ ಸರಿಯಾಗಿ ಆಗಿದೆ ಅಂತ ಅರ್ಥ. ತೂಕ ಇಳಿಯದಿದ್ದರೆ ತೇವ ಕಡಿಮೆ ಮಾಡಿ.

ಮೊಟ್ಟೆಯ ಒಂದು ಬದಿಗೆ ಸೊನ್ನೆ, ಇನ್ನೊಂದು ಬದಿಗೆ ಇಂಟು ಗುರುತು ಹಾಕಿ. ಪೆನ್ನು ಬೇಡ, ಪೆನ್ಸಿಲ್ ಸಾಕು. ದಿನಕ್ಕೆ ಮೂರು ಅಥವಾ ಐದು ಸಲ ತಿರುಗಿಸಬೇಕು. ಬೆಸ ಸಂಖ್ಯೆ ಯಾಕೆ ಅಂದರೆ, ರಾತ್ರಿಯ ಉದ್ದನೆಯ ಹೊತ್ತು ಒಂದು ದಿನ ಸೊನ್ನೆ ಮೇಲಿದ್ದರೆ ಮರುದಿನ ಇಂಟು ಮೇಲಿರುತ್ತದೆ. ತಾನೇ ತಿರುಗಿಸುವ ಪೆಟ್ಟಿಗೆ ಇದ್ದರೂ, ಕೋಳಿ ಮೊಟ್ಟೆ ಅಳತೆಯ ಗುಳಿಯಲ್ಲಿ ಟರ್ಕಿ ಮೊಟ್ಟೆ ಕೂರುವುದಿಲ್ಲ. ಅದಕ್ಕೆ ಕೈಯೇ ಗತಿ.

ಏಳನೇ ದಿನ ರಾತ್ರಿ ದೀಪ ಆರಿಸಿ, ಮೊಟ್ಟೆಯ ದಪ್ಪ ತುದಿಗೆ ಟಾರ್ಚ್ ಒತ್ತಿ ಹಿಡಿಯಿರಿ. ಕೆಂಪು ನರಗಳು ಜೇಡರ ಬಲೆಯ ಹಾಗೆ ಹರಡಿ, ನಡುವೆ ಕಪ್ಪು ಚುಕ್ಕೆ ಅಲುಗುತ್ತಿದ್ದರೆ ಮರಿ ಇದೆ. ಬರೀ ತಿಳಿ ಬೆಳಕು ಕಂಡರೆ ಅದರಲ್ಲಿ ಬೀಜ ಕಟ್ಟಿಲ್ಲ. ಬಳೆಯಂತೆ ಕೆಂಪು ಗೆರೆ ಕಂಡರೆ ಒಳಗೇ ಸತ್ತಿದೆ, ತೆಗೆದುಬಿಡಿ. ಇಲ್ಲದಿದ್ದರೆ ಕೊಳೆತು ಒಡೆದು ಉಳಿದವಕ್ಕೂ ತೊಂದರೆ. ಟರ್ಕಿ ಮೊಟ್ಟೆಯ ಚಿಪ್ಪಿನ ತುಂಬ ಕಂದು ಚುಕ್ಕೆ ಇರುವುದರಿಂದ ಸರಿಯಾಗಿ ಕಾಣಿಸದು, ಹತ್ತನೇ ದಿನದವರೆಗೆ ಕಾಯಿರಿ.

ಕರೆಂಟ್ ಹೋದಾಗ ನಮ್ಮ ಸೊಸೆ ಗಾಬರಿಯಾಗಿ "ಅತ್ತೆ, ಮರಿಗಳು ಹೋದವು!" ಅಂತ ಕೂಗುತ್ತಿದ್ದಳು. ಎರಡು ಮೂರು ಗಂಟೆ ತಣ್ಣಗಾದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ತಾಯಿ ಕೋಳಿಯೂ ಮೇಯಲು ಎದ್ದು ಹೋಗುತ್ತದಲ್ವಾ? ಮುಚ್ಚಳ ತೆಗೆಯಬೇಡಿ. ಗಾಳಿ ತೂತು ಬಿಟ್ಟು ಕಂಬಳಿ ಹೊದಿಸಿ. ಇನ್ನೂ ತಡವಾದರೆ ಬಿಸಿ ನೀರಿನ ಬಾಟಲಿ ಬಟ್ಟೆಯಲ್ಲಿ ಸುತ್ತಿ ಒಳಗಿಡಿ. ಭಯಪಡಬೇಕಾದ್ದು ಬಿಸಿ ಏರಿದಾಗ. 40 ಡಿಗ್ರಿ ದಾಟಿದರೆ ಸ್ವಲ್ಪ ಹೊತ್ತಿನಲ್ಲೇ ಮರಿಗಳು ಹೋಗಬಹುದು, ಆದ್ದರಿಂದ ಪೆಟ್ಟಿಗೆಯನ್ನು ಕಿಟಕಿ ಬಿಸಿಲಿಗೆ ಇಡಲೇಬೇಡಿ.

ಇನ್ನು ಕೊನೆಯ ಮೂರು ದಿನ. ಅದು ಶುರುವಾಗುವುದು ಕೋಳಿ ಮೊಟ್ಟೆಗೆ 18ನೇ ದಿನ, ಟರ್ಕಿಗೆ 25ನೇ ದಿನ. ಲೆಕ್ಕ ಸರಿಯಾಗಿ ಹಾಕಿದ್ದರೆ ಎರಡೂ ಒಂದೇ ದಿನ ಬರುತ್ತದೆ. ಅಂದಿನಿಂದ ತಿರುಗಿಸುವುದು ಬಂದ್. ತೇವವನ್ನು ಶೇಕಡಾ 65-70ರ ಮಟ್ಟಕ್ಕೆ ಏರಿಸಿ ಮುಚ್ಚಳ ಮುಚ್ಚಿಬಿಡಿ. ಮೊಟ್ಟೆ ಬಿರುಕು ಬಿಟ್ಟ ಮೇಲೆ ಮರಿ ಹೊರಬರಲು ಒಂದು ಹಗಲು ಒಂದು ರಾತ್ರಿ ಆಗಬಹುದು. ಆ ಹೊತ್ತಿನಲ್ಲಿ ಅದು ಸುಮ್ನೆ ಮಲಗಿರುವುದಿಲ್ಲ. ಪೊರೆಯ ನರಗಳಲ್ಲಿರುವ ರಕ್ತವನ್ನು, ಉಳಿದ ಹಳದಿಯನ್ನು ಹೊಟ್ಟೆಯೊಳಗೆ ಎಳೆದುಕೊಳ್ಳುತ್ತಿರುತ್ತದೆ. ಒಮ್ಮೆ ನಾನು ಕನಿಕರದಿಂದ ಚಿಪ್ಪು ಬಿಡಿಸಲು ಹೋದೆ. ಬೆರಳಿಗೆ ರಕ್ತ ಅಂಟಿತು, ಮರಿ ಅಂಗೈಯಲ್ಲೇ ತಣ್ಣಗಾಯಿತು. ಅದಾದ ಮೇಲೆ ಕೈ ಹಾಕಿಲ್ಲ.

ಮರಿಗಳ ಮೈ ಪೂರ್ತಿ ಒಣಗಿ ಉಬ್ಬಿದ ಮೇಲೆ ತೆಗೆಯಿರಿ. ಹೊಟ್ಟೆಯಲ್ಲಿ ಹಳದಿ ಇರುವುದರಿಂದ ಒಂದು ದಿನ ತಡವಾದರೂ ಹಸಿಯುವುದಿಲ್ಲ. ಬಲ್ಬಿನ ಕೆಳಗೆ ಮೊದಲ ವಾರ 35 ಡಿಗ್ರಿ, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಿ. ಬಲ್ಬಿನ ಕೆಳಗೆ ಗುಂಪು ಕಟ್ಟಿದರೆ ಚಳಿ, ಮೂಲೆಗೆ ಓಡಿದರೆ ಸೆಕೆ. ನೀರಿನ ತಟ್ಟೆಯಲ್ಲಿ ಗೋಲಿ ಹಾಕಿ, ಟರ್ಕಿ ಮರಿ ಹೊಳೆಯುವುದನ್ನು ಕುಕ್ಕಲು ಹೋಗಿ ನೀರು ಕುಡಿಯುವುದನ್ನು ಕಲಿಯುತ್ತದೆ. ಟರ್ಕಿ ಮರಿಗೆ ಶೇಕಡಾ 28ರಷ್ಟು ಪ್ರೋಟೀನ್ ಇರುವ ಆಹಾರ ಬೇಕು. ಬೇಯಿಸಿದ ಮೊಟ್ಟೆಯನ್ನು ಸಣ್ಣಗೆ ಹೆಚ್ಚಿ ಸೇರಿಸಿದರೆ ಒಳ್ಳೆಯದು. ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆಯ ಹನಿ ಮೊದಲ ವಾರದಲ್ಲೇ ಹಾಕಿಸಿ, ಪಶು ಆಸ್ಪತ್ರೆಯಲ್ಲಿ ವಿಚಾರಿಸಿ.

ಟರ್ಕಿ ಮರಿಗಳು ತಾವೇ ತಿನ್ನಲು ಕಲಿತ ಮೇಲೆ, ನೆಲಕ್ಕೆ ಬಿಡುವ ಮೊದಲೇ, ಎರಡನ್ನೂ ಬೇರೆ ಮಾಡಿ. ಕೋಳಿಯ ಹೊಟ್ಟೆಯಲ್ಲಿರುವ ಒಂದು ಹುಳುವಿನ ಮೊಟ್ಟೆಯ ಮೂಲಕ ಬ್ಲ್ಯಾಕ್‌ಹೆಡ್ ಅನ್ನುವ ರೋಗ ಟರ್ಕಿಗೆ ತಗಲುತ್ತದೆ. ಕೋಳಿ ನೋಡಲು ಚೆನ್ನಾಗಿಯೇ ಇರುತ್ತದೆ, ಟರ್ಕಿ ಹಳದಿ ಬೇಧಿಯಾಗಿ ಸಾಯುತ್ತದೆ. ಆ ಹುಳುವಿನ ಮೊಟ್ಟೆ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಹಳೆಯ ಕೋಳಿ ಅಂಗಳ ಟರ್ಕಿಗೆ ಬೇಡ. ನಮ್ಮಲ್ಲಿ ಟರ್ಕಿ ಗೂಡಿಗೆ ಪೊರಕೆ ಬೇರೆ, ಚಪ್ಪಲಿಯೂ ಬೇರೆ, ಬಾಗಿಲ ಪಕ್ಕದಲ್ಲೇ ಇಟ್ಟಿರುತ್ತೇವೆ.