ರಸ್ತೆಯ ಗೆರೆ ದಾಟುವ ಮುನ್ನ: ಅಪಾಯ ಎಲ್ಲಿ, ದಂಡ ಎಷ್ಟು

ಘಾಟಿಯ ತಿರುವಿನಲ್ಲಿ ರಸ್ತೆ ನಡುವೆ ತುಂಡಾಗದ ಹಳದಿ ಗೆರೆ ಕಂಡರೆ, ಓವರ್‌ಟೇಕ್ ಮಾಡಲು ಬೇಕಾದಷ್ಟು ದೂರ ಅಲ್ಲಿ ಮುಂದೆ ಕಾಣುವುದಿಲ್ಲ ಎಂದರ್ಥ. ಇಂಥ ಗೆರೆ ಎಲ್ಲಿ ಶುರುವಾಗಬೇಕು, ಎಲ್ಲಿ ಮುಗಿಯಬೇಕು ಎಂಬುದನ್ನು ಚಾಲಕನ ಕಣ್ಣಿಗೆ ಎಷ್ಟು ರಸ್ತೆ ಕಾಣುತ್ತದೆ ಎಂಬ ಲೆಕ್ಕದ ಮೇಲೆ ನಿರ್ಧರಿಸುತ್ತಾರೆ. ಚಾರ್ಮಾಡಿ, ಶಿರಾಡಿಯಲ್ಲಿ ದಿನಾ ಓಡಾಡುವವರಿಗೆ ತಿರುವುಗಳೆಲ್ಲ ಬಾಯಿಪಾಠವಾಗಿರಬಹುದು. ಆದರೆ ಆ ಹೊತ್ತಿಗೆ ಆಚೆಯಿಂದ ಬಸ್ಸು ಬರುತ್ತಿದೆಯೇ ಎಂಬುದು ಅವರಿಗೂ ತಿಳಿಯದು.

ಈ ದೂರ ಎಷ್ಟು ಬೇಕು ಎಂದು ಒಮ್ಮೆ ಲೆಕ್ಕ ಹಾಕಿ ನೋಡಿ. ಮುಂದಿನ ಲಾರಿ ಗಂಟೆಗೆ 50 ಕಿ.ಮೀ. ವೇಗದಲ್ಲಿದೆ, ನಿಮ್ಮ ಕಾರು 70ರಲ್ಲಿ. ವ್ಯತ್ಯಾಸ 20 ಕಿ.ಮೀ., ಅಂದರೆ ಸೆಕೆಂಡಿಗೆ ಸುಮಾರು 5.5 ಮೀಟರ್ ಮಾತ್ರ. ಲಾರಿಯ ಹಿಂದೆ 20 ಮೀಟರ್, ಲಾರಿಯ ಉದ್ದ 10, ನಿಮ್ಮ ಕಾರಿನದು 4, ದಾಟಿದ ಮೇಲೆ ಮತ್ತೆ 20 ಮೀಟರ್ ಅಂತರ ಎಂದುಕೊಂಡರೆ ಲಾರಿಗಿಂತ 54 ಮೀಟರ್ ಹೆಚ್ಚು ಓಡಬೇಕು. ಇದಕ್ಕೆ ಹತ್ತು ಸೆಕೆಂಡು ಹಿಡಿಯುತ್ತದೆ. ಅಷ್ಟರಲ್ಲಿ ನೀವು 190 ಮೀಟರಿಗೂ ಹೆಚ್ಚು ಮುಂದೆ ಹೋಗಿರುತ್ತೀರಿ, ಎದುರಿನಿಂದ 70ರಲ್ಲಿ ಬರುವ ವಾಹನವೂ ಅಷ್ಟೇ ದೂರ ಹತ್ತಿರ ಬಂದಿರುತ್ತದೆ. ಅಲ್ಲಿಗೆ ಮುಂದಿನ 400 ಮೀಟರ್ ರಸ್ತೆ ಖಾಲಿ ಕಾಣಬೇಕು. ಗಾಡಿ ತುಂಬ ಜನ, ಏರುದಾರಿ, ಒದ್ದೆ ರಸ್ತೆ ಇದ್ದರೆ ಇನ್ನೂ ಹೆಚ್ಚು. ಘಾಟಿಯಲ್ಲಿ ಇಷ್ಟು ದೂರ ಕಾಣುವ ಜಾಗ ಬಹಳ ಕಡಿಮೆ.

ಗೆರೆ ಓದುವ ಕ್ರಮ ಕಷ್ಟದ್ದೇನಲ್ಲ. ತುಂಡು ತುಂಡು ಗೆರೆಯನ್ನು ರಸ್ತೆ ಖಾಲಿ ಇದ್ದಾಗ, ಇಂಡಿಕೇಟರ್ ಹಾಕಿ ದಾಟಬಹುದು. ತುಂಡುಗಳು ಉದ್ದವಾಗಿ, ನಡುವಿನ ಜಾಗ ಕಿರಿದಾಗುತ್ತಾ ಬಂದರೆ ಮುಂದೆ ತಿರುವೋ ಜಂಕ್ಷನ್ನೋ ಇದೆ. ಹೊರಗೆ ಬಂದಿದ್ದರೆ ಆಗಲೇ ನಿಮ್ಮ ಪಥಕ್ಕೆ ಮರಳಿ. ಒಂದು ಅಖಂಡ, ಒಂದು ತುಂಡು ಗೆರೆ ಜೋಡಿಯಾಗಿದ್ದರೆ ನಿಮ್ಮ ಕಡೆಗಿರುವ ಗೆರೆಯನ್ನು ಮಾತ್ರ ಪಾಲಿಸಿ. ಎರಡೂ ಅಖಂಡವಾಗಿದ್ದರೆ ಯಾವ ಕಡೆಯವರೂ ಓವರ್‌ಟೇಕ್ ಮಾಡಲು ದಾಟುವಂತಿಲ್ಲ. ಎಡ ಅಂಚಿನ ಬಿಳಿ ಗೆರೆಯಾಚೆಗೆ ಕೆಟ್ಟು ನಿಂತ ಲಾರಿಗಳಿರುತ್ತವೆ. ಎಡದಿಂದ ನುಗ್ಗಿ ಹೋಗುವವರು ರಾತ್ರಿ ಅವುಗಳ ಹಿಂಬದಿಗೇ ಗುದ್ದುತ್ತಾರೆ.

ಬೆಂಗಳೂರು–ಮೈಸೂರು ಹೆದ್ದಾರಿಯಂಥ ಕಡೆ ಎದುರು ವಾಹನದ ಭಯವಿಲ್ಲ, ಲೇನ್ ಬದಲಿಸುವಾಗಲೇ ಅಪಾಯ. ಲೇನಿನ ಅಗಲ ಸಾಮಾನ್ಯವಾಗಿ 3.5 ಮೀಟರ್, ಬಸ್ಸಿನ ಅಗಲ ಸುಮಾರು 2.6. ಎರಡೂ ಬದಿಗೆ ಉಳಿಯುವುದು ಮೊಳದಷ್ಟೇ ಜಾಗ. ಗೆರೆಯ ಮೇಲೇ ಓಡಿಸುವವರು ಪಕ್ಕದವರ ಈ ಮೊಳವನ್ನು ಕಿತ್ತುಕೊಳ್ಳುತ್ತಾರೆ. ಲೇನ್ ಬದಲಿಸಬೇಕಾದರೆ ಮೊದಲು ಒಳಗನ್ನಡಿ, ಆಮೇಲೆ ಪಕ್ಕದ ಕನ್ನಡಿ ನೋಡಿ. ಇಂಡಿಕೇಟರ್ ಹಾಕಿ ಮೂರು ಸೆಕೆಂಡು ಅಲ್ಲೇ ಇರಿ, 100 ಕಿ.ಮೀ. ವೇಗದಲ್ಲಿ ಅಷ್ಟರೊಳಗೆ 80 ಮೀಟರ್ ದಾಟಿರುತ್ತೀರಿ, ಹಿಂದಿನವರಿಗೆ ಬ್ರೇಕ್ ಹಿಡಿಯಲು ಅದು ಬೇಕು. ಕನ್ನಡಿಗೆ ಸಿಗದ ಜಾಗವನ್ನು ಕತ್ತು ತಿರುಗಿಸಿ ನೋಡಿ, ನಂತರ ನಿಧಾನವಾಗಿ ಸರಿಯಿರಿ. ಒಂದೇ ಸಲಕ್ಕೆ ಎರಡು ಲೇನ್ ದಾಟಬೇಡಿ. ಮಳೆಯಲ್ಲಿ ನಾಲ್ಕೂ ಇಂಡಿಕೇಟರ್ ಮಿನುಗಿಸುತ್ತಾ ಓಡಿಸುವ ರೂಢಿ ಬಿಡಲೇಬೇಕು, ನೀವು ಯಾವ ಕಡೆ ಸರಿಯುತ್ತೀರಿ ಎಂದು ಹಿಂದಿನವರಿಗೆ ತಿಳಿಯುವುದೇ ಇಲ್ಲ. ರಾಮನಗರಕ್ಕೋ ಮದ್ದೂರಿಗೋ ಇಳಿಯುವ ಕವಲು ತಪ್ಪಿತೇ? ಅಲ್ಲಿ ಬಳಿದಿರುವ ಬಾಣದಾಕಾರದ ಪಟ್ಟೆಗಳ ಮೇಲೆ ಹಾಯುವುದು, ನಿಲ್ಲುವುದು, ರಿವರ್ಸ್ ಬರುವುದು ಯಾವುದೂ ಬೇಡ. ಮುಂದಿನ ಕವಲಿನವರೆಗೆ ಹೋಗಿ ತಿರುಗಿ ಬನ್ನಿ.

ಇನ್ನು ದಂಡ. 2019ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ಮೋಟಾರು ವಾಹನ ಕಾಯ್ದೆಯ 177ನೇ ಕಲಂನಡಿ ಸಾಮಾನ್ಯ ಉಲ್ಲಂಘನೆಗೆ ಮೊದಲ ಸಲ 500, ಮತ್ತೆ ಮಾಡಿದರೆ 1,500 ರೂಪಾಯಿವರೆಗೆ. ಚಾಲನಾ ನಿಯಮಾವಳಿ ಮೀರಿದ್ದಕ್ಕೆ 177ಎ ಹಾಕಿದರೆ 500ರಿಂದ 1,000. ಸ್ಥಳದಲ್ಲೇ ಕಟ್ಟಿಸಿಕೊಳ್ಳುವ ಮೊತ್ತವನ್ನು ಆಯಾ ರಾಜ್ಯ ಸರ್ಕಾರ ನಿಗದಿ ಮಾಡುತ್ತದೆ. ಇಷ್ಟೇ ತಾನೆ ಎಂದು ಹಲವರು ಹಗುರಾಗಿ ತೆಗೆದುಕೊಳ್ಳುತ್ತಾರೆ. ಆದರೆ ಕಾನೂನಿಗೆ ವಿರುದ್ಧವಾಗಿ ಓವರ್‌ಟೇಕ್ ಮಾಡಿ ಅಪಾಯ ತಂದೊಡ್ಡಿದರೆ, ಅಥವಾ ವಾಹನಗಳು ಬರುವ ದಿಕ್ಕಿಗೆ ಎದುರಾಗಿ ನುಗ್ಗಿದರೆ ಅದು 184ನೇ ಕಲಂನ ಅಪಾಯಕಾರಿ ಚಾಲನೆ: 1,000ದಿಂದ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳಿಂದ ಒಂದು ವರ್ಷದವರೆಗೆ ಜೈಲು, ಅಥವಾ ಎರಡೂ. ಪೊಲೀಸರು ಡಿಎಲ್ ವಶಕ್ಕೆ ಪಡೆದು ಅಮಾನತಿಗಾಗಿ ಆರ್‌ಟಿಒಗೆ ಕಳಿಸಬಹುದು. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಭಾರತೀಯ ನ್ಯಾಯ ಸಂಹಿತೆಯ 106(1)ರಡಿ ಐದು ವರ್ಷದವರೆಗೆ ಶಿಕ್ಷೆಯಿದೆ. ಗಾಯಾಳು ನೀವೇ ಆಗಿದ್ದರೂ, ಗೆರೆ ದಾಟಿದ್ದು ಸಾಬೀತಾದರೆ ನ್ಯಾಯಮಂಡಳಿ ನಿಮ್ಮ ತಪ್ಪಿನ ಪಾಲನ್ನು ಪರಿಹಾರದಲ್ಲಿ ಕಡಿತ ಮಾಡಬಹುದು. ಮನೆಯವರಿಗೆ ದೊಡ್ಡ ಹೊಡೆತ ಬೀಳುವುದು ಅಲ್ಲೇ.

ಊರೊಳಗೆ ಹೆಚ್ಚು ಸಿಕ್ಕಿಬೀಳುವುದು ಸ್ಟಾಪ್ ಲೈನಿನಲ್ಲಿ. ಗಾಡಿಯ ಮುಂಭಾಗ ಪೂರ್ತಿ ಗೆರೆಗಿಂತ ಹಿಂದೆಯೇ ನಿಲ್ಲಬೇಕು, ಜೀಬ್ರಾ ಪಟ್ಟಿಯ ಮೇಲಲ್ಲ. ಹಳದಿ ಅಡ್ಡಗೆರೆಗಳ ಚೌಕದೊಳಗೆ, ಆಚೆ ಜಾಗ ಖಾಲಿಯಾಗುವವರೆಗೆ ಪ್ರವೇಶಿಸಬೇಡಿ. ಬೈಕಿನವರಿಗೆ ಇನ್ನೊಂದು ಮಾತು: ಈ ಬಣ್ಣ ಒದ್ದೆಯಾದರೆ ಡಾಂಬರಿಗಿಂತ ಹೆಚ್ಚು ಜಾರುತ್ತದೆ. ಪಟ್ಟಿಗೆ ಬರುವ ಮೊದಲೇ ವೇಗ ಇಳಿಸಿ, ಅದರ ಮೇಲೆ ಮುಂದಿನ ಬ್ರೇಕನ್ನು ಜೋರಾಗಿ ಹಿಡಿಯಬೇಡಿ, ಗಾಡಿ ವಾಲಿಸಬೇಡಿ.

ಬೆಂಗಳೂರಿನ ಅನೇಕ ಜಂಕ್ಷನ್‌ಗಳಲ್ಲಿ ಕ್ಯಾಮೆರಾ ನಂಬರ್ ಪ್ಲೇಟ್ ಓದಿ, ಆರ್‌ಸಿಗೆ ಜೋಡಿಸಿದ ಮೊಬೈಲ್‌ಗೆ ಸಂದೇಶ ಕಳಿಸುತ್ತದೆ. ಆ ಸಂಖ್ಯೆ ಹಳೆಯದಾಗಿದ್ದರೆ ಬದಲಿಸಿ. ಗಾಡಿ ಮಾರಿದ್ದರೆ ಆರ್‌ಸಿ ವರ್ಗಾವಣೆ ಮುಗಿದಿದೆಯೇ ನೋಡಿ, ಇಲ್ಲದಿದ್ದರೆ ಕೊಂಡವರು ಮಾಡಿದ ತಪ್ಪಿನ ಚಲನ್ ನಿಮ್ಮ ಹೆಸರಿಗೇ ಬರುತ್ತದೆ. ಕಟ್ಟುವ ಮುನ್ನ ಫೋಟೊ, ಸಮಯ, ಜಾಗ ಪರಿಶೀಲಿಸಿ. ಗಾಡಿ ನಿಮ್ಮದಲ್ಲದಿದ್ದರೆ ಗಡುವು ಮೀರುವ ಮೊದಲೇ ಲಿಖಿತ ಆಕ್ಷೇಪಣೆ ಸಲ್ಲಿಸಿ.