ಮೆಲ್ಬರ್ನ್‌ನ ಶಿಶು ಆರೋಗ್ಯ ಕೇಂದ್ರ: ಮಗು ಚೆನ್ನಾಗಿರುವಾಗಲೇ ಹೋಗಬೇಕಾದ ಜಾಗ

ಮೆಲ್ಬರ್ನ್‌ನಲ್ಲಿ ಹೆರಿಗೆಯಾಗಿ ಮನೆಗೆ ಮರಳಿದ ಕೆಲವೇ ದಿನಗಳಲ್ಲಿ ಸ್ಥಳೀಯ ಕೌನ್ಸಿಲ್ (ನಗರಸಭೆಯಂಥ ಆಡಳಿತ) ನಡೆಸುವ ಶಿಶು ಆರೋಗ್ಯ ಕೇಂದ್ರದ ನರ್ಸ್ ಫೋನ್ ಮಾಡಿ, ತಾಯಿ ಮತ್ತು ಮಗುವನ್ನು ನೋಡಲು ಮನೆಗೇ ಬರುವುದಾಗಿ ಹೇಳುತ್ತಾರೆ. ಹೊಸದಾಗಿ ಬಂದ ನಮ್ಮವರು ಇದರಿಂದ ಗಾಬರಿಗೊಳ್ಳಬೇಕಾಗಿಲ್ಲ. ಇಲ್ಲಿ ಪ್ರತಿಯೊಂದು ಜನನದ ಮಾಹಿತಿಯೂ ಕಾನೂನಿನಂತೆ ಆಸ್ಪತ್ರೆಯಿಂದ ಕೌನ್ಸಿಲ್‌ಗೆ ಹೋಗುತ್ತದೆ. ನರ್ಸ್ ಬರುವುದು ತಪಾಸಣೆ ನಡೆಸಿ ತಪ್ಪು ಹುಡುಕಲು ಅಲ್ಲ.

ವಿಕ್ಟೋರಿಯಾ ರಾಜ್ಯದ ಮೊದಲ ಶಿಶು ಆರೋಗ್ಯ ಕೇಂದ್ರ 1917ರಲ್ಲಿ, ಕಾರ್ಮಿಕರು ಹೆಚ್ಚಾಗಿ ವಾಸಿಸುತ್ತಿದ್ದ ಮೆಲ್ಬರ್ನ್‌ನ ರಿಚ್ಮಂಡ್ ಬಡಾವಣೆಯಲ್ಲಿ ಆರಂಭವಾಯಿತು. ಈ ಕೆಲಸಕ್ಕಾಗಿ ಶ್ರಮಿಸಿದವರಲ್ಲಿ ವೈದ್ಯೆ ಇಸಬೆಲ್ಲಾ ಯಂಗರ್ ರಾಸ್ ಪ್ರಮುಖರು. ಕೇಂದ್ರಗಳನ್ನು ಬೆಳೆಸಲು 1918ರಲ್ಲಿ ಒಂದು ಸಂಘವೂ ಹುಟ್ಟಿತು. ಬೇಸಿಗೆಯಲ್ಲಿ ಕೆಟ್ಟ ಹಾಲು ಕುಡಿದ ಎಳೆಗೂಸುಗಳು ಭೇದಿಯಿಂದ ಸಾಯುತ್ತಿದ್ದ ಆ ಕಾಲದಲ್ಲಿ ನರ್ಸ್ ಮಗುವಿನ ತೂಕ ನೋಡಿ, ಎದೆಹಾಲನ್ನೇ ಮುಂದುವರಿಸುವಂತೆ ತಾಯಿಗೆ ತಿಳಿಹೇಳಿ, ಕಾಯಿಲೆ ಕಂಡರೆ ವೈದ್ಯರ ಬಳಿ ಕಳುಹಿಸುತ್ತಿದ್ದರು. ಚಿಕಿತ್ಸೆ ವೈದ್ಯರದು, ಬೆಳವಣಿಗೆಯ ನಿಗಾ ನರ್ಸ್‌ದು ಎಂಬ ಆ ವಿಂಗಡಣೆ ಇಂದಿಗೂ ಉಳಿದಿದೆ. ಲಸಿಕೆಗೋ ಜ್ವರಕ್ಕೋ ಮಾತ್ರ ಮಗುವನ್ನು ಎತ್ತಿಕೊಂಡು ಹೋಗಿ ಅಭ್ಯಾಸವಿರುವ ನಾವು ಮುಖ್ಯವಾಗಿ ಅರಿಯಬೇಕಾದದ್ದು ಇದನ್ನೇ.

ಮನೆಭೇಟಿಯೂ ಸೇರಿ ಒಟ್ಟು 10 ಭೇಟಿಗಳು ಮಗುವಿಗೆ ಮೂರೂವರೆ ವರ್ಷವಾಗುವವರೆಗೆ ನಡೆಯುತ್ತವೆ, ಎಲ್ಲವೂ ಉಚಿತ. ಎರಡು, ನಾಲ್ಕು, ಎಂಟು ವಾರಗಳಿಗೆ ಬೇಗಬೇಗನೆ ಬರುವ ಭೇಟಿಗಳು ನಂತರ ವಿರಳವಾಗುತ್ತವೆ. ಮಗುವಿನ ವಿವರಗಳನ್ನೆಲ್ಲ ಬರೆಯುವ ಹಸಿರು ಪುಸ್ತಕವನ್ನು ಪ್ರತಿ ಸಲವೂ ಒಯ್ಯಬೇಕು.

ತಾಯಿಯ ಮನಸ್ಸಿನ ಸ್ಥಿತಿಯನ್ನೂ, ಮನೆಯಲ್ಲಿ ಅವಳಿಗೆ ಭಯವಿದೆಯೇ ಎಂಬುದನ್ನೂ ನರ್ಸ್ ಕೇಳುತ್ತಾರೆ. ಬಾಣಂತಿಯ ಬೇಸರವನ್ನು ಆಯಾಸವೆಂದು ತಳ್ಳಿಹಾಕುವ ಮನೆಗಳಲ್ಲಿ ಈ ಪ್ರಶ್ನೆಗೆ ದೊಡ್ಡ ಬೆಲೆಯಿದೆ. ದಯವಿಟ್ಟು ನಿಜವನ್ನೇ ಹೇಳಿ. ಇಂಗ್ಲಿಷ್ ತೊಡಕಾದರೆ ದುಭಾಷಿಯನ್ನು ಕೇಳಬಹುದು. ಗಂಡನೋ ಅತ್ತೆಯೋ ನಡುವೆ ನಿಂತು ಅನುವಾದಿಸುವುದಕ್ಕಿಂತ ಅದೇ ಲೇಸು.

ಬಾಣಂತನಕ್ಕೆಂದು ಊರಿನಿಂದ ಬಂದ ಅಜ್ಜಿಯನ್ನು ಒಮ್ಮೆಯಾದರೂ ಕೇಂದ್ರಕ್ಕೆ ಕರೆದೊಯ್ಯುವುದು ಒಳ್ಳೆಯದು. ಮಗುವನ್ನು ದಿಂಬಿಲ್ಲದ ತೊಟ್ಟಿಲಲ್ಲಿ ಅಂಗಾತ ಮಲಗಿಸಬೇಕು, ಬಾಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ಬರಬಹುದಾದ್ದರಿಂದ ಒಂದು ವರ್ಷ ತುಂಬುವವರೆಗೆ ಜೇನುತುಪ್ಪ ನೆಕ್ಕಿಸಬಾರದು ಎಂಬ ಮಾತುಗಳನ್ನು ಸೊಸೆಯ ಬಾಯಿಂದ ಕೇಳುವುದಕ್ಕಿಂತ ನರ್ಸ್‌ನಿಂದ ಕೇಳಿದರೆ ಮನೆಯಲ್ಲಿ ಮನಸ್ತಾಪ ಉಳಿಯುವುದಿಲ್ಲ. ರಾತ್ರಿ ಹಾಲಿನ ವಿಷಯಕ್ಕೋ ನಿಲ್ಲದ ಅಳುವಿಗೋ ಸಲಹೆ ಬೇಕಾದರೆ 13 22 29 ಸಂಖ್ಯೆಯಲ್ಲಿ ಶಿಶು ಆರೋಗ್ಯ ನರ್ಸ್ ದಿನದ 24 ಗಂಟೆಯೂ ಸಿಗುತ್ತಾರೆ. ಉಸಿರಾಟದ ತೊಂದರೆಯಂಥ ತುರ್ತಿಗೆ ಮಾತ್ರ ನೇರವಾಗಿ 000ಗೆ ಕರೆ ಮಾಡಬೇಕು.